ನಮಗ ಐದು, ಆಕಿಗೆ ಮೂವತ್ತು

ಸಂಗೊಳ್ಳಿಯ ಶಟ್ಟೆವ್ವನ ಜೋಳದ ರೊಟ್ಟಿ ಎಷ್ಟು ತೆಳ್ಳಗಿದೆ ಎಂದು ನೋಡಿದರೆ ಸಾಕು, ಪಕ್ಕದ ಮನೆಯ ತಾಯವ್ವನಿಗೆ ಏನು ಒಳ್ಳೆಯದಾಗಿದೆ ಎಂದು ಹೇಳಿಬಿಡಬಹುದಿತ್ತು. ತಾಯವ್ವನ ಎಮ್ಮೆ ಹೆಣ್ಣುಗರು ಹಾಕಿದ ದಿನ ರೊಟ್ಟಿ ವೀಳ್ಯದೆಲೆಯಷ್ಟು ತೆಳುವಾಗಿತ್ತು. ತಾಯವ್ವನ ಮಗಳು ಮಹಾನಂದಾಗೆ ಸವದತ್ತಿಯ ಸಾಲೆಯಲ್ಲಿ ಟೀಚರ್ ನೌಕರಿ ಸಿಕ್ಕ ದಿನವಂತೂ ರೊಟ್ಟಿಯನ್ನು ಎತ್ತಿ ಹಿಡಿದರೆ ಆಚೆ ನಿಂತವರ ಮೀಸೆ ಕಾಣುತ್ತಿತ್ತು ಎಂದು ಬುರಾನಸಾಬ ಇಂದಿಗೂ ಆಣೆ ಮಾಡಿ ಹೇಳುತ್ತಾನೆ. ದಿನಾ ಬೆಳಿಗ್ಗೆ ಶಟ್ಟೆವ್ವನ ಇನ್ನೂರು ರೊಟ್ಟಿಗಳನ್ನು ತನ್ನ ಟಂಟಂನಲ್ಲಿ ಹೇರಿಕೊಂಡು ಬೈಲಹೊಂಗಲದ ಖಾನಾವಳಿಗೆ ಮುಟ್ಟಿಸುವವನು ಅವನೇ; ಅವನ ಮೀಸೆಯೇ ಕಂಡಿರಬೇಕು. ಖಾನಾವಳಿಯ ಗಿರಾಕಿಗಳು "ಇವತ್ತ ರೊಟ್ಟಿ ಭಾರಿ ಆಗ್ಯಾವ್ ನೋಡ್ರಿ" ಎಂದು ಬೆರಳು ಚೀಪುವಾಗ, ಒಬ್ಬ ಹೆಂಗಸಿನ ಹೊಟ್ಟೆ ನಸುಕಿನಿಂದ ಧಗಧಗ ಉರಿದದ್ದರ ಫಲವನ್ನು ತಾವು ಉಣ್ಣುತ್ತಿದ್ದೇವೆಂಬ ಅರಿವು ಅವರಿಗಿರಲಿಲ್ಲ.

ಹೊಟ್ಟೆಕಿಚ್ಚು ಯಾರಿಗಿಲ್ಲ? ಆದರೆ ಅದನ್ನು ಕಸುಬಿಗೆ ಹಚ್ಚಿದವರು ಕಡಿಮೆ. ಶಟ್ಟೆವ್ವನ ಹೊಟ್ಟೆಯಲ್ಲಿ ಕಿಡಿ ಬಿದ್ದರೆ ಅಂಗೈಗೆ ಬಲ ಬರುತ್ತಿತ್ತು, ಅಂಗೈಗೆ ಬಲ ಬಂದರೆ ಹಿಟ್ಟು ಹಿಗ್ಗುತ್ತಿತ್ತು. ರಪ್ ರಪ್ ರಪ್ ಎಂಬ ಆ ಬಡಿತಕ್ಕೆ ಓಣಿಯ ನಾಯಿಗಳು ಎದ್ದು ಮೈ ಕೊಡವುತ್ತಿದ್ದವು.

ಈ ಯುದ್ಧ ಶುರುವಾಗಿ ಮೂವತ್ನಾಲ್ಕು ವರ್ಷವಾಗಿತ್ತು. ಕಿತ್ತೂರಿನ ಕೋಟೆ ಒಂದೇ ವರ್ಷದಲ್ಲಿ ಎರಡು ಯುದ್ಧ ಕಂಡಿತೆಂದು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ಈ ಮನೆ ದಿನಕ್ಕೆ ಎರಡು ಕಂಡಿತು, ಹೇಳುವವರೇ ಇಲ್ಲ. ಅಣ್ಣ ವಿರೂಪಾಕ್ಷನಿಗೂ ತಮ್ಮ ನಿಜಗುಣಪ್ಪನಿಗೂ ಒಂದೇ ಹಂದರದಡಿ, ಒಂದೇ ಮುಹೂರ್ತದಲ್ಲಿ ಅಕ್ಕಿಕಾಳು ಬಿದ್ದಿದ್ದವು. ಅಣ್ಣನ ಕೈಹಿಡಿದು ತಾಯವ್ವ ಬಂದಳು, ತಮ್ಮನ ಕೈಹಿಡಿದು ಶಟ್ಟೆವ್ವ ಬಂದಳು. ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ತೆಗೆದ ಫೋಟೋದಲ್ಲಿ ತಾಯವ್ವ ಕಣ್ಣರಳಿಸಿ ನಕ್ಕಿದ್ದಾಳೆ, ಶಟ್ಟೆವ್ವನ ಕಣ್ಣು ಮುಚ್ಚಿವೆ. ಫೋಟೋ ಹೊಡೆಯುವ ಹೊತ್ತಿಗೆ ಸರಿಯಾಗಿ ತಾಯವ್ವ ತನ್ನ ಮುಂಗೈ ಚಿವುಟಿದಳೆಂಬುದು ಶಟ್ಟೆವ್ವನ ಮೊದಲ ದೂರು. ಆಮೇಲಿನ ದೂರುಗಳನ್ನು ಬರೆಯುತ್ತ ಹೋದರೆ ಈ ಪುಸ್ತಕ ಸಾಲದು. ಎಲ್ಲಕ್ಕಿಂತ ದೊಡ್ಡದೆಂದರೆ, ಅತ್ತೆ ಬಾಯವ್ವ ಸಾಯುವಾಗ ತಾಯವ್ವನ ತೊಡೆಯ ಮೇಲೆ ತಲೆಯಿಟ್ಟು ಆಕೆಯ ಕಿವಿಯಲ್ಲಿ ಏನೋ ಹೇಳಿ ಹೋದದ್ದು. ಏನೆಂದು ತಾಯವ್ವ ಯಾರಿಗೂ ಹೇಳಲಿಲ್ಲ. ಅದು ಬಂಗಾರದ ಗಂಟು ಹೂತಿಟ್ಟ ಜಾಗವೇ ಇರಬೇಕೆಂದು ಶಟ್ಟೆವ್ವ ಅಂದೇ ತೀರ್ಮಾನಿಸಿದ್ದಳು.

ಪಾಲಾದಾಗ ಮನೆಯ ನಡುವೆ ಗೋಡೆ ಎದ್ದಿತು. ಅಟ್ಟ ತಾಯವ್ವನ ಕಡೆ ಹೋಯಿತು, ಅಟ್ಟದ ಮೇಲಿದ್ದ ಸಾಗವಾನಿ ತೊಟ್ಟಿಲೂ ಅದರ ಜೊತೆ ಹೋಯಿತು. ನಾಲ್ಕು ಮೂಲೆಗೆ ನಾಲ್ಕು ಗಿಳಿ ಕೆತ್ತಿದ ತೊಟ್ಟಿಲು ಅದು. "ಮುಂದ ಈ ಮನ್ಯಾಗ ಯಾರ ಮಡಿಲಿಗೆ ಮೊದಲ ಕೂಸ ಬರತೈತೋ, ತೊಟ್ಟಲ ಅವರ ಕಡೆ" ಎಂದು ಬಾಯವ್ವ ಬದುಕಿದ್ದಾಗಲೇ ಅಪ್ಪಣೆ ಕೊಡಿಸಿದ್ದಳು. ಆ ಒಂದು ಮಾತು ಶಟ್ಟೆವ್ವನಿಗೆ ಆಸರೆ. ಯಾಕೆಂದರೆ ಆಕೆ ಜೀವನದಲ್ಲಿ ಗೆದ್ದ ಒಂದೇ ಒಂದು ಕಾಳಗ ಅಲ್ಲಿತ್ತು: ತಾಯವ್ವನಿಗೆ ಇದ್ದವಳು ಒಬ್ಬಳೇ ಮಗಳು, ಅವಳಿಗಿನ್ನೂ ಮದುವೆಯಿಲ್ಲ, ಶಟ್ಟೆವ್ವನಿಗೆ ಮಗ ಕಲ್ಮೇಶ, ಅವನಿಗೆ ಮದುವೆಯಾಗಿ ನಾಲ್ಕು ವರ್ಷ.

ನಾಲ್ಕು ವರ್ಷವಾದರೂ ಕೂಸು ಮಾತ್ರ ಆಗಿರಲಿಲ್ಲ. ಸೊಸೆ ಶೈಲಶ್ರೀ ದೇಗಾಂವದ ಹುಡುಗಿ, ಮಾತು ಕಡಿಮೆ, ಕೆಲಸ ಚುರುಕು. ಬೈಲಹೊಂಗಲದ ಡಾಕ್ಟರಮ್ಮ ಪರೀಕ್ಷೆ ಮಾಡಿ, "ತತ್ತಿ ಬಲಿಯಾಕತ್ತಿಲ್ಲ. ಮುಟ್ಟಾದ ಎರಡನೇ ದಿನದಿಂದ ಐದ ದಿನ, ದಿನಕ್ಕ ಒಂದ ಗುಳಗಿ ಕೊಡ್ರಿ" ಎಂದಳು. ಕಡಲೆಬೇಳೆಯಷ್ಟೇ ಇದ್ದ ಹಳದಿ ಗುಳಿಗೆ. ಹೆಸರು ಲೆಟ್ರೊಜೋಲ್. ಶಟ್ಟೆವ್ವನ ನಾಲಿಗೆಗೆ ಆ ಹೆಸರು ಹತ್ತಲಿಲ್ಲ. ಆಕೆ ಅದಕ್ಕೆ 'ತತ್ತಿ ಗುಳಗಿ' ಎಂದು ನಾಮಕರಣ ಮಾಡಿ, ದೇವರ ಜಗಲಿಯ ಮೇಲೆ ಎಲ್ಲಮ್ಮನ ಭಂಡಾರದ ಬಟ್ಟಲಿನ ಪಕ್ಕ ಇಟ್ಟಳು. ತಿಂಗಳಿಗೊಮ್ಮೆ ಬುರಾನಸಾಬ ಮೆಡಿಕಲ್ ಅಂಗಡಿಯಿಂದ ಐದು ಗುಳಿಗೆ ತರುತ್ತಿದ್ದ, ಶಟ್ಟೆವ್ವ ಅವನ್ನು ಸೊಸೆಯ ಅಂಗೈಗೆ ಪ್ರಸಾದದ ಹಾಗೆ ಹಾಕುತ್ತಿದ್ದಳು. ಮೂರು ತಿಂಗಳು ಹೀಗೆ ನಡೆಯಿತು.

ಅದಕ್ಕೂ ಮುಂಚೆ, ಗೋಡೆಯಾಚೆ ಒಂದು ವಿಚಿತ್ರ ನಡೆದಿತ್ತು. ತಾಯವ್ವನೂ ವಿರೂಪಾಕ್ಷನೂ ಬೆಳಗಾವಿಗೆ ಹೋಗಿ ತಿಂಗಳೊಪ್ಪತ್ತು ಇದ್ದು ಬಂದಿದ್ದರು. ತಂಗಿಯ ಮೊಣಕಾಲಿಗೆ ಆಪರೇಷನ್ ಎಂದು ಊರಿಗೆ ಹೇಳಿದ್ದರು. ಬಂದ ಮರುದಿನ ವಿರೂಪಾಕ್ಷ ಗೋಡೆಯ ಬದಿಗೇ ನಿಂತು ಯಾರಿಗೋ ಫೋನು ಮಾಡಿದ. ಈಚೆ ಕಡೆ ಶಟ್ಟೆವ್ವ ಉಸಿರು ಬಿಗಿಹಿಡಿದಳು.

"ಹೌದ್ ಮಾವಾ, ಗಂಟ ಸಿಕ್ಕಿತ್ತು. ತೆಗಿಸಿಬಿಟ್ವಿ... ಎಲ್ಲಾ ತೆಗಿಸೇವಿ, ಏನೂ ಉಳಿಸಿಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ. ಊರಾಗ ಗೊತ್ತಾತಂದ್ರ ಮಹಾನಂದಾನ ಮದುವಿಗೆ ತೊಡಕ ಆಗತೈತಿ."

ಶಟ್ಟೆವ್ವ ಗೋಡೆಗೆ ಹಣೆ ಹಚ್ಚಿ ನಿಂತಳು. ಕೊನೆಗೂ ಸಿಕ್ಕಿತು, ಅತ್ತೆಯ ಗಂಟು! ತೆಗೆದದ್ದಷ್ಟೇ ಅಲ್ಲ, 'ಏನೂ ಉಳಿಸಿಲ್ಲ'. ಬಂಗಾರ ಸಿಕ್ಕಿದೆ ಎಂದು ಗೊತ್ತಾದರೆ ಬೀಗರು ವರದಕ್ಷಿಣೆ ಏರಿಸುತ್ತಾರೆ, ಅದಕ್ಕೇ ಈ ಗುಟ್ಟು! ಮರುದಿನದಂಥ ತೆಳು ರೊಟ್ಟಿ ಖಾನಾವಳಿಯ ಚರಿತ್ರೆಯಲ್ಲೇ ಇರಲಿಲ್ಲ.

ಅಲ್ಲಿಂದ ಮುಂದೆ ತಾಯವ್ವ ರಾಣಿಯಾದಳು. ಅರವತ್ತು ದಾಟಿದ ವಿರೂಪಾಕ್ಷ ನಳದ ನೀರು ಹೊರತೊಡಗಿದ. ಹೆಂಡತಿಗೆ ಒಂದು ಕೊಡ ಎತ್ತಲೂ ಬಿಡುತ್ತಿರಲಿಲ್ಲ. ಶಟ್ಟೆವ್ವ ತನ್ನ ಗಂಡನ ಕಡೆ ನೋಡಿದಳು. ನಿಜಗುಣಪ್ಪ ಕಟ್ಟೆಯ ಮೇಲೆ ಕುಳಿತು, ಎರಡು ಮಾರು ದೂರವಿದ್ದ ನೀರಿನ ತಂಬಿಗೆಯನ್ನು ಹೆಂಡತಿಯೇ ಬಂದು ಕೈಗೆ ಕೊಡಲಿ ಎಂದು ಕಾಯುತ್ತಿದ್ದ. ಆಚೆ ಮನೆಗೆ ವಾರಕ್ಕೊಮ್ಮೆ ದಾಳಿಂಬೆ ಹಣ್ಣು ಬಂದವು. ತಾಯವ್ವ ಬಿಗಿ ಜಂಪರು ಬಿಟ್ಟು ಸಡಿಲ ಜಂಪರು ಹೊಲಿಸಿಕೊಂಡಳು. ಎಳ್ಳಮಾಸೆಯ ಚಳಿಯಲ್ಲಿ ಇಡೀ ಊರು ಕೌದಿ ಹೊದ್ದು ಮುದುಡಿದ್ದಾಗ ಆಕೆ ಅಂಗಳದಲ್ಲಿ ಕುಳಿತು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. "ಬಂಗಾರದ ಕಾವು" ಎಂದು ಶಟ್ಟೆವ್ವ ಹಲ್ಲು ಕಡಿದಳು. ಸಾಲದ್ದಕ್ಕೆ ಸೊಸೆ ಶೈಲಶ್ರೀ ಬೇರೆ ಹೊತ್ತು ಸಿಕ್ಕಾಗಲೆಲ್ಲ ಆಚೆಗೆ ಹೋಗಿ ದೊಡ್ಡತ್ತೆಯ ಜೊತೆ ಗುಸುಗುಸು ಮಾತಾಡಿ ಬರುತ್ತಿದ್ದಳು. ಸ್ವಂತ ಅತ್ತೆಯ ಜೊತೆ ಉಪ್ಪು ಖಾರದ ಮಾತಷ್ಟೇ.

ಹೀಗಿರುವಾಗ ಒಂದು ಗುರುವಾರ ಬುರಾನಸಾಬ ರೊಟ್ಟಿಯ ಬುಟ್ಟಿ ಒಯ್ಯಲು ಬಂದವನು ಕಿಸೆಯಿಂದ ಒಂದು ಪಾಕೀಟು ತೆಗೆದು ಶಟ್ಟೆವ್ವನ ಕೈಗಿಟ್ಟು ಹೋದ. ಪ್ರತಿ ತಿಂಗಳ ರೂಢಿ. ಬಿಚ್ಚಿ ನೋಡಿದರೆ ಅದೇ ತತ್ತಿ ಗುಳಿಗೆ, ಅದೇ ಕಡಲೆಬೇಳೆ ಹಳದಿ. ಆದರೆ ಐದಲ್ಲ, ಹತ್ತರ ಮೂರು ಹಾಳೆ.

"ಶೈಲಾ, ಡಾಕ್ಟರಮ್ಮ ಜೋರ ಮಾಡ್ಯಾಳವಾ! ಮೂವತ್ತ ಕೊಟ್ಟಾಳ!"

ಶೈಲಶ್ರೀ ಪಾಕೀಟು ನೋಡಿದವಳೇ ಬಿಳಿಚಿಕೊಂಡಳು. "ಅತ್ತಿ, ಇದು ನಮ್ದಲ್ರಿ. ಇದು ದೊಡ್ಡತ್ತೀದು..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ದೊಡ್ಡತ್ತೀದಾ? ತಾಯವ್ವಗ ಯಾಕ ಬೇಕು ತತ್ತಿ ಗುಳಗಿ?"

"ಗೊತ್ತಿಲ್ರಿ."

"ಗೊತ್ತಿಲ್ಲೇನ? ನಿನ್ನ ಮಾರಿ ಹೇಳತೈತಿ ಗೊತ್ತೈತಿ ಅಂತ."

"ಹೇಳೂದಿಲ್ಲಂತ ಎಲ್ಲಮ್ಮನ ಮ್ಯಾಲೆ ಆಣಿ ಮಾಡೇನ್ರಿ. ಕೈ ಮುಗೀತೇನಿ, ಅದನ್ನ ಆಚಿ ಮನಿಗೆ ಕೊಟ್ಟಬಿಡ್ರಿ. ಅವರಿಗೆ ದಿನಾ ಬೇಕರಿ ಅದು."

ದಿನಾ! ಶಟ್ಟೆವ್ವನ ತಲೆಯೊಳಗೆ ಎಂಟು ತಿಂಗಳ ಚೂರುಗಳೆಲ್ಲ ಒಂದಕ್ಕೊಂದು ಕೂಡಿಕೊಂಡವು. ಗಂಟು. ಬೆಳಗಾವಿಯ ದೊಡ್ಡ ದವಾಖಾನೆ. ದಾಳಿಂಬೆ. ಸಡಿಲ ಜಂಪರು. ಮೈಬೆವರು. ಗಂಡ ನೀರು ಹೊರುವುದು. ಅರವತ್ತರ ಮುದುಕಿಯರೂ ಪ್ರನಾಳದ ಕೂಸು ಹಡೆಯುತ್ತಾರೆಂದು ಎಲ್ಲೋ ಕೇಳಿದ್ದಳು. ಅತ್ತೆಯ ಬಂಗಾರ ಮಾರಿ, ಐವತ್ತಾರನೆಯ ವಯಸ್ಸಿನಲ್ಲಿ, ತಾಯವ್ವ ಮಗನನ್ನು ಹಡೆಯಲು ಹೊರಟಿದ್ದಾಳೆ! ತನ್ನ ಮೊಮ್ಮಗ ಬರುವ ಮೊದಲೇ ಆ ಗಿಳಿಯ ತೊಟ್ಟಿಲಲ್ಲಿ ತನ್ನ ಮಗನನ್ನು ಮಲಗಿಸಲು! ಮೂವತ್ನಾಲ್ಕು ವರ್ಷದಲ್ಲಿ ತಾನು ಗೆದ್ದ ಒಂದೇ ಒಂದು ಕಾಳಗವನ್ನೂ ಕಸಿದುಕೊಳ್ಳಲು!

ಅದರ ಮೇಲೆ ಲೆಕ್ಕ ಬೇರೆ. "ನಮಗ ಐದು," ಎಂದು ಆಕೆ ಪಾಕೀಟಿಗೇ ಹೇಳಿದಳು, "ಆಕಿಗೆ ಮೂವತ್ತು."

ಪಾಕೀಟು ಜೋಳದ ಹಿಟ್ಟಿನ ದೊಡ್ಡ ಡಬ್ಬಿಯ ತಳ ಸೇರಿತು.

ಮರುದಿನ ಬುರಾನಸಾಬ ತಲೆ ಕೆರೆಯುತ್ತ ಬಂದ. "ಅಕ್ಕಾರ, ನಿನ್ನಿ ಕೊಟ್ಟ ಪಾಕೀಟ ನಿಮ್ದಲ್ಲಂತರಿ. ವಿರೂಪಾಕ್ಷಣ್ಣಾರ ತರಾಕ ಹೇಳಿದ್ದರು, ನಾ ರೂಢಿ ಬಲದಾಗ ನಿಮಗ ಕೊಟ್ಟಬಿಟ್ಟೆ. ತಿರಗಿ ಕೊಡ್ರಿ."

"ಯಾವ ಪಾಕೀಟೋ?" ಎಂದಳು ಶಟ್ಟೆವ್ವ, ಕಣ್ಣು ಪಿಳುಕಿಸದೆ.

"ಅಯ್ ಅಕ್ಕಾರ! ಇದ ಕೈಲೆ ಕೊಟ್ಟೇನಲ್ರಿ!"

"ನಿನ್ನ ಕೈ ದಿನಕ್ಕ ನೂರ ಮನಿಗೆ ನೂರ ಸಾಮಾನ ಕೊಡತೈತಿ. ಯಾರಿಗೆ ಕೊಟ್ಟಿಯೋ, ಯಾರಿಗೆ ಬಿಟ್ಟಿಯೋ. ನಡಿ ನಡಿ, ರೊಟ್ಟಿ ಆರತಾವ."

ಬುರಾನಸಾಬ ಬುಟ್ಟಿಯ ಬಟ್ಟೆ ಸರಿಸಿ ಮೇಲಿನ ರೊಟ್ಟಿ ಎತ್ತಿ ಬಿಸಿಲಿಗೆ ಹಿಡಿದ. ಆಚೆ ನಿಂತ ಬೇವಿನ ಮರ ಎಲೆಯೆಲೆಯಾಗಿ ಕಂಡಿತು. "ಏನೋ ಆಗೈತಿ," ಎಂದು ಗೊಣಗಿದ. "ಮೆಡಿಕಲ್‌ನ್ಯಾಗ ಸೋಮವಾರದ ತನಕ ಆ ಗುಳಗಿ ಇಲ್ಲಂತ. ಪಾಪ, ವಿರೂಪಾಕ್ಷಣ್ಣಾರ ಮಾರಿ ನೋಡಾಕ ಆಗವಲ್ದು."

ಶುಕ್ರವಾರ, ಶನಿವಾರ, ಭಾನುವಾರ. ಶೈಲಶ್ರೀ ಮೂರು ದಿನವೂ ಅತ್ತೆಯ ಹಿಂದೆ ಮುಂದೆ ಸುಳಿದಾಡಿದಳು. "ಪಾಪ ಬರತೈತ್ರಿ ಅತ್ತಿ" ಎಂದಳು. "ಪಾಪ ಆಕಿಗೆ ಬರಲಿ" ಎಂದಳು ಶಟ್ಟೆವ್ವ. ಸಿಟ್ಟಿನಲ್ಲಿ ಒಂದು ಸಲ, "ನೀನ ನುಂಗು ಎಲ್ಲಾ ಮೂವತ್ತ, ನೋಡೂಣ ಯಾರು ಮೊದಲ ಹಡೀತೀರಿ ಅಂತ" ಎಂದು ಡಬ್ಬಿಗೆ ಕೈ ಹಾಕಿದ್ದೂ ಉಂಟು. ಶೈಲಶ್ರೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಐದು ಎಂದರೆ ಐದೇ ಎಂದು ಡಾಕ್ಟರಮ್ಮ ಬೆರಳು ಮಡಿಚಿ ಹೇಳಿದ್ದಳು.

ಭಾನುವಾರ ಮಧ್ಯಾಹ್ನ ಗೋಡೆಯಾಚೆ ಏನೋ ಜಗ್ಗುವ, ಕಿರುಗುಟ್ಟುವ ಸದ್ದಾಯಿತು. ಶಟ್ಟೆವ್ವ ಒರಳುಕಲ್ಲಿನ ಮೇಲೆ ಹತ್ತಿ ಇಣುಕಿದಳು. ಅಂಗಳದಲ್ಲಿ ತೊಟ್ಟಿಲು ಇಳಿದಿತ್ತು. ವಿರೂಪಾಕ್ಷ ಕುಕ್ಕುರುಗಾಲಿನಲ್ಲಿ ಕುಳಿತು ಗಿಳಿಗಳಿಗೆ ಎಣ್ಣೆ ಹಚ್ಚುತ್ತಿದ್ದ. ಪಕ್ಕದಲ್ಲಿ ತಾಯವ್ವ ಬೀಸಣಿಗೆ ಬೀಸಿಕೊಳ್ಳುತ್ತ, "ಆ ಕೊಕ್ಕಿಗೆ ಇನ್ನೊಂದೀಟ ಹಚ್ಚರಿ" ಎಂದು ಅಪ್ಪಣೆ ಕೊಡುತ್ತಿದ್ದಳು.

ಹಬ್ಬ ಹುಣ್ಣಿಮೆ ಬಿಟ್ಟರೆ ಶಟ್ಟೆವ್ವ ಆ ಹೊಸಿಲು ದಾಟುತ್ತಿರಲಿಲ್ಲ. ಅಂದು ದಾಟಿದಳು. ಕೈತುಂಬ ಹಿಟ್ಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಖಡ್ಗವೊಂದು ಕಡಿಮೆ.

"ಅಕ್ಕಾ, ಐವತ್ತಾರ ತುಂಬಿದ ಮ್ಯಾಲೆ ನಿನಗ ಗಂಡಮಗ ಬೇಕಾದನೇನ?"

ತಾಯವ್ವನ ಬೀಸಣಿಗೆ ನಿಂತಿತು. "ಏನಂದಿ?"

"ಮುಚ್ಚಿಡಬ್ಯಾಡ, ನನಗ ಎಲ್ಲಾ ಗೊತ್ತೈತಿ. ದಾಳಿಂಬರಿ ಹಣ್ಣ ಏನ, ಸಡ್ಲ ಜಂಪರ ಏನ, ಚಳ್ಯಾಗ ಬೆವರೇನ! ನಮ್ಮ ಶೈಲಾಗ ಐದ ಗುಳಗಿ, ನಿನಗ ಮೂವತ್ತ. ಒಮ್ಮಿಗೇ ಎಷ್ಟ ಹಡೀಬೇಕಂತ ಮಾಡೀದಿ, ಆರಾ?"

ವಿರೂಪಾಕ್ಷನ ಕೈಯಿಂದ ಎಣ್ಣೆ ಬಟ್ಟಲು ಉರುಳಿತು. ತಾಯವ್ವ ಮೊದಲು ಬಾಯಿ ತೆರೆದಳು, ಆಮೇಲೆ ನಗತೊಡಗಿದಳು. ಎಡ ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಕೇಳಿದ್ರಿ ಇವರ? ನಾ ಬಸರಂತ! ನೀವು ಆರ ಮಕ್ಕಳ ತಂದಿ! ನೀರಿನ ಕೊಡ ಸಾಲೂದಿಲ್ಲ, ಟ್ಯಾಂಕರ್ ತರಸ್ರಿ!"

"ನಗಬ್ಯಾಡ. ಕೂಸಿಂದ ಬಿಡು. ಅತ್ತಿ ಗಂಟ ಎಲ್ಲೈತಿ ಅದನ್ನರ ಹೇಳು. ಅದರಾಗ ಅರ್ಧಾ ಪಾಲ ನನಗ ಬರಬೇಕು."

"ಯಾವ ಗಂಟ?"

"ಬೆಳಗಾವಿಗೆ ಹೋಗಿ ತೆಗಿಸಿದ್ರಲ್ಲಾ, ಆ ಗಂಟ! ಬಾವಾರು ಫೋನಿನ್ಯಾಗ ಹೇಳಿದ್ದನ್ನ ನಾ ಈ ಕಿವೀಲೆ ಕೇಳೇನಿ."

ನಗು ಅಲ್ಲಿಗೆ ನಿಂತಿತು. ವಿರೂಪಾಕ್ಷ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ತಾಯವ್ವ ಸಾವಕಾಶ ಶಟ್ಟೆವ್ವನ ಹಿಟ್ಟಿನ ಕೈ ಹಿಡಿದು ಎಳೆದು ಕೂರಿಸಿಕೊಂಡು, ಆ ಅಂಗೈಯನ್ನು ತನ್ನ ಸಡಿಲ ಜಂಪರಿನ ಎಡಗಡೆಗೆ ಒತ್ತಿದಳು. ಅಂಗೈಗೆ ಸಿಕ್ಕದ್ದು ಮಡಿಚಿಟ್ಟ ಹಳೆಯ ಸೀರೆಯ ಬಟ್ಟೆ.

"ಲಿಂಬಿಹಣ್ಣಿನಷ್ಟ ಇತ್ತ ಶಟ್ಟಿ, ಆ ಗಂಟ. ಬಾಟಲ್ಯಾಗ ಹಾಕಿ ಪರೀಕ್ಷಾಕ್ಕ ಕಳಿಸಿದ್ರು, ಕ್ಯಾನ್ಸರ್ ಅಂತ ಬಂತು. ಗಂಟಿನ ಜೋಡಿ ಎಲ್ಲಾ ತೆಗದ್ರು. ಅದರಾಗೂ ಅರ್ಧಾ ಪಾಲ ಬೇಕೇನ ನಿನಗ?"

ಶಟ್ಟೆವ್ವ ಕೈ ಹಿಂದೆ ತೆಗೆದುಕೊಂಡಳು; ಜಂಪರಿನ ಮೇಲೆ ಆಕೆಯ ಐದು ಬೆರಳಿನ ಹಿಟ್ಟು ಹಾಗೇ ಉಳಿದಿತ್ತು. "ಮತ್ತ ಆ ತತ್ತಿ ಗುಳಗಿ?" ಎಂದು ಕೇಳಿದಳು.

"ಹೆಂಗಸಿನ ಮೈಯಾಗ ಒಂದ ರಸ ಇರತೈತಂತ. ಮುಟ್ಟ ನಿಂತ ಮ್ಯಾಲೂ ಚೂರ ಉಳಕೊಂಡಿರತೈತಿ. ನನ್ನ ಗಂಟ ಅದನ್ನ ಉಂಡ ಬೆಳದಿತ್ತು. ಈ ಗುಳಗಿ ಆ ರಸ ತಯಾರಾಗೂದನ್ನ ಬಂದ್ ಮಾಡತೈತಿ. ಒಲಿಗೆ ಕಟಗಿ ಹಾಕೂದ ಬಿಟ್ಟಂಗ. ಮತ್ತೆಲ್ಲೆರ ಕಿಡಿ ಉಳದಿದ್ರ ಹತ್ತಬಾರದಲ್ಲ, ಅದಕ್ಕ ದಿನಾ ಒಂದು. ರಸ ಹೋತಂದ್ರ ಮೈ ಹಿಂಗ ಝಳ ಹೊಡೀತೈತಿ, ಸಂದ ಹಿಡೀತಾವ."

"ಶೈಲಾಗ ಯಾಕ ಮತ್ತ ಅದನ್ನ?"

"ಶೈಲಾಂದ ಉಲ್ಟಾ. ಐದ ದಿನ ಕಟಗಿ ಕಡಿಮಿ ಮಾಡಿದ್ರ, ಒಲಿ ಆರಾಕತ್ತೈತಿ ಅಂತ ತಲಿ ಗಾಬರಿ ಆಗಿ, ಊದ್ರಿ ಊದ್ರಿ ಅಂತ ಜೋರ ಮಾಡತೈತಂತ. ಆ ಜೋರಿಗೆ ತತ್ತಿ ಬಲೀತೈತಿ. ಗುಳಗಿ ಒಂದ, ಒಲಿ ಬ್ಯಾರೆ."

ಒಲೆಯ ಮಾತು ಶಟ್ಟೆವ್ವನಿಗೆ ತಕ್ಷಣ ಅರ್ಥವಾಯಿತು. ಬೆಂಕಿ ಇಳಿದಾಗ ಊದುಗೊಳವೆ ಹಿಡಿದು ಕೆನ್ನೆ ಉಬ್ಬಿಸುವವಳು ಆಕೆಯೇ ತಾನೆ. ಇಂಥ ಹೊತ್ತಿನಲ್ಲಿ ಬೇರೆಯವರ ಕರುಳು ಕಿತ್ತು ಬರುತ್ತಿತ್ತು, ಕಣ್ಣೀರು ಹರಿಯುತ್ತಿತ್ತು. ಶಟ್ಟೆವ್ವನ ಎದೆಯಲ್ಲಿ ಮೊದಲು ಎದ್ದದ್ದು ಹಳೆಯ ನಂಟಸ್ತನದ ಹೊಟ್ಟೆಕಿಚ್ಚೇ.

"ನನ್ನ ಸೊಸಿಗೆ ಹೇಳೀದಿ," ಎಂದಳು. "ನನಗ ಹೇಳಲಿಲ್ಲ."

"ಆಕಿಗೆ ನಾ ಹೇಳಿಲ್ಲ. ಮೆಡಿಕಲ್‌ನ್ಯಾಗ ನನ್ನ ಕೈಯಾಗಿನ ಗುಳಗಿ ನೋಡಿ, ಇವು ನನ್ನ ಗುಳಗಿ ಅಲ್ಲೇನ್ರಿ ದೊಡ್ಡತ್ತಿ, ನೀವ್ಯಾಕ ತೊಗೋತೀರಿ ಅಂತ ಕೇಳಿದ್ಲು. ಸಿಕ್ಕಬಿಟ್ಟೆ. ಮಹಾನಂದಾಗ ಗಂಡ ನೋಡಾಕತ್ತೇವಿ, ತಾಯಿಗೆ ಈ ರೋಗ ಅಂದ್ರ ಬಂದ ಬೀಗರ ಚಾ ಕುಡಿಯೂದಿಲ್ಲ. ಅದಕ್ಕ ಆಣಿ ಹಾಕಿದೆ." ತಾಯವ್ವ ಬೀಸಣಿಗೆಯ ಅಂಚು ಕೆದಕಿದಳು. "ಅದು ಒಂದ ಕಾರಣ. ಇನ್ನೊಂದ ಹೇಳಲಿ? ಇವರ ನನ್ನ ನೋಡಿದ್ರ ಕಣ್ಣೀರ ತರ್ತಾರ. ಮಗಳ ಫೋನಿನ್ಯಾಗ ಅಳತಾಳ. ಇಡೀ ಜಗತ್ತಿನ್ಯಾಗ ನನ್ನ ನೋಡಿ ಹೊಟ್ಟಿ ಉರಕೊಳ್ಳಾಕಿ ನೀ ಒಬ್ಬಾಕಿ ಉಳದಿದ್ದಿ. ಬೆಳಿಗ್ಗೆ ಎದ್ದ ನಿನ್ನ ರೊಟ್ಟಿ ರಪ್ ರಪ್ ಕೇಳಿದ್ರ, ಇನ್ನೂ ನನ್ನ ಕಡೆ ಏನೋ ಐತಿ ಅಂತ ಧೈರ್ಯ ಬರತಿತ್ತು. ನೀನೂ ಅಯ್ಯೋ ಪಾಪ ಅಂದಿದ್ರ ನಾ ಅವತ್ತ ಸಾಯತಿದ್ದೆ."

ಶಟ್ಟೆವ್ವ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ಗಂಟಿನ ಮಾತ ತಗದಿ ಅಂತ ಹೇಳತೇನಿ," ಎಂದಳು ತಾಯವ್ವ. "ಅತ್ತಿ ಸಾಯುವಾಗ ನನ್ನ ಕಿವ್ಯಾಗ ಏನಂದ್ಲು ಗೊತ್ತೈತೇನ? 'ಶಟ್ಟಿ ಕೈಯಾನ ಒಂದ ತುತ್ತ ರೊಟ್ಟಿ ತಿನಸು' ಅಂದ್ಲು. ನನ್ನ ತೊಡಿ ಮ್ಯಾಲೆ ತಲಿ ಇಟ್ಕೊಂಡು! ಹದಿನೆಂಟ ವರ್ಷ ನಾ ಬಡದ ಹಾಕಿದ ರೊಟ್ಟಿ ತಿಂದು! ನನ್ನ ಮೈ ಉರದ ಹೋತು. ನಾ ನಿನ್ನ ಕರೀಲಿಲ್ಲ. ಅಂಬಲಿ ಕುಡಿಸಿ ಕಳಿಸಿಬಿಟ್ಟೆ."

ಶಟ್ಟೆವ್ವ ತಾಯವ್ವನನ್ನು ಹೊಸದಾಗಿ ನೋಡಿದವಳ ಹಾಗೆ ನೋಡಿದಳು. ಮದುವೆಯ ಫೋಟೋದಲ್ಲಿ ಕಣ್ಣರಳಿಸಿದ್ದ ಈ ಹೆಂಗಸು ಇಷ್ಟು ವರ್ಷ ಗೋಡೆಯಾಚೆ ಕುಳಿತು ತನ್ನನ್ನು ಕಂಡು ಉರಿಯುತ್ತಿದ್ದಳೆ! ಅಷ್ಟು ದೊಡ್ಡ ಸಂಪತ್ತು ಕೈಯಲ್ಲಿದ್ದೂ ತನಗೆ ಗೊತ್ತೇ ಇರಲಿಲ್ಲವೆ!

ಆಕೆ ದಡಬಡ ಎದ್ದು ಮನೆಗೆ ಓಡಿದಳು. ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿದಳು, ಹಿಟ್ಟಿನ ಗುಡ್ಡದಿಂದ ಪಾಕೀಟು ಎಳೆದಳು, ಭುಜದ ತನಕ ಬೆಳ್ಳಗಾಗಿ ತಿರುಗಿ ಬಂದಳು. "ಮೂರ ದಿನ ತಪ್ಪೈತಿ. ಏನಾಗತೈತಿ ಅಕ್ಕಾ? ಹೇಳ ಏನಾಗತೈತಿ?"

"ಶೈಲಾ ಶುಕ್ರವಾರನ ಹೇಳಿದ್ಲು, ಹಿಟ್ಟಿನ ಡಬ್ಬ್ಯಾಗ ಐತಿ ಅಂತ. ಇವರು ಜಗಳಾಕ್ಕ ಬರ್ತಿದ್ರು, ನಾನ ತಡದೆ. ಎಷ್ಟ ದಿನ ಇಟ್ಕೊಂತಿ ನೋಡೂಣ ಅಂತ. ಬೆಳಗಾವಿ ಡಾಕ್ಟರಿಗೆ ಫೋನ್ ಮಾಡಿ ಕೇಳೇನಿ, ಎರಡ ಮೂರ ದಿನಕ್ಕ ಏನೂ ಆಗೂದಿಲ್ಲ, ತಪ್ಪಿದ್ದು ತಪ್ಪಿತು, ಕೂಡಿಸಿ ನುಂಗಬ್ಯಾಡ್ರಿ, ಇನ್ನಮ್ಯಾಲೆ ತಪ್ಪಸಬ್ಯಾಡ್ರಿ ಅಂದಾರ."

"ತೊಟ್ಟಲ ಯಾಕ ಇಳಿಸೀರಿ ಮತ್ತ?"

"ಶೈಲಾಗಂತ. ನಾ ಇದ್ದಾಗನ ಅದಕ್ಕ ಎಣ್ಣಿ ಕಂಡಿರಲಿ ಅಂತ." ತಾಯವ್ವ ಹಾಳೆಯಿಂದ ಒಂದು ಗುಳಿಗೆ ಬಿಡಿಸಿ ನುಂಗಿ, ನೀರು ಕುಡಿದಳು. ಪಾಕೀಟಿನ ಹಿಟ್ಟು ಆಕೆಯ ಮೂಗಿಗೆ ಹತ್ತಿ ಸೀನು ಬಂತು.

ಇಲ್ಲಿಗೆ ಮಂಗಳ ಹಾಡಬಹುದಿತ್ತು, ಖಾನಾವಳಿಯ ಗಿರಾಕಿಗಳು ಸುಮ್ಮನಿದ್ದಿದ್ದರೆ. ಸೋಮವಾರ ಬೆಳಿಗ್ಗೆ ಬುರಾನಸಾಬ ಬುಟ್ಟಿ ಎತ್ತಿದವನು ಹಾಗೇ ಕೆಳಗಿಟ್ಟ. ಎಂದಿಗಿಂತ ಎರಡು ಪಟ್ಟು ಭಾರ. ಒಂದು ರೊಟ್ಟಿ ತೆಗೆದು ನೋಡಿದ. ಕೌದಿಯ ಹಾಗೆ ದಪ್ಪ, ಮೆತ್ತಗೆ. ಮಂಗಳವಾರವೂ ಅದೇ. ಬುಧವಾರ ಅವನು ಕೈ ಮುಗಿದ.

"ಅಕ್ಕಾರ, ಗಿರಾಕಿ ಬೈಯಾಕತ್ತಾರ್ರಿ. ಇದು ರೊಟ್ಟಿನೋ ತಲಿದಿಂಬೋ ಅಂತಾರ. ನಿಮಗ ಏನಾಗೈತಿ?"

ಏನಾಗಿತ್ತೆಂದರೆ, ಹೊಟ್ಟೆ ತಣ್ಣಗಾಗಿತ್ತು. ಮರುಕ ಬಂದರೆ ಅಂಗೈಗೆ ಬಲವಿಲ್ಲ. ಆಕೆ ಹಿಟ್ಟನ್ನು ಬಡಿಯುತ್ತಿರಲಿಲ್ಲ, ಸವರುತ್ತಿದ್ದಳು. ಗೋಡೆಯಾಚೆ ಹಾಸಿಗೆಯಲ್ಲಿ ಮಲಗಿ ಆ ನಿತ್ರಾಣದ ಸದ್ದು ಕೇಳಿದ ತಾಯವ್ವ ಎದ್ದು ಕುಳಿತಳು. ಇದು ಅಯ್ಯೋ ಪಾಪದ ಸದ್ದು. ತಾನು ಹೆದರಿದ್ದು ಇದಕ್ಕೇ.

ಗುರುವಾರ ನಸುಕಿನಲ್ಲೇ ಆಕೆ ಎದ್ದು ಗೋಡೆಯ ಹತ್ತಿರ ಬಂದು, ಅರ್ಧ ಓಣಿಗೆ ಕೇಳುವ ಹಾಗೆ ಕೂಗಿದಳು: "ಏ ಶಟ್ಟಿ! ಮಹಾನಂದಾ ನನಗ ಸವದತ್ತಿಂದ ರೇಶ್ಮಿ ಸೀರಿ ಕಳಿಸ್ಯಾಳ, ನೋಡ ಬಾ! ಅಂಚ ಗೇಣುದ್ದ ಐತಿ! ಇವರು ಇವತ್ತ ತಾವ ಚಾ ಮಾಡಿ ಹಾಸಿಗಿಗೆ ತಂದ ಕೊಟ್ರು! ನಿಜಗುಣಿ ಎದ್ದಾನೇನ, ಇಲ್ಲಾ ನೀನ ಎಬ್ಬಸಬೇಕೇನ?"

ಈಚೆ ಶಟ್ಟೆವ್ವ ಸವರುತ್ತಿದ್ದ ಹಿಟ್ಟನ್ನು ಮತ್ತೆ ಮುದ್ದೆ ಮಾಡಿದಳು. ಆಮೇಲೆ ಒಂದು ರಪ್. ಮತ್ತೊಂದು ರಪ್. ಆಮೇಲೆ ರಪ್ ರಪ್ ರಪ್ ರಪ್. ಓಣಿಯ ನಾಯಿಗಳು ಎದ್ದು ಮೈ ಕೊಡವಿದವು. ತಾಯವ್ವ ಸೀರೆಯನ್ನು ಮಡಿಚಿ ಟ್ರಂಕಿನಲ್ಲಿಟ್ಟಳು. ಹೋದ ವರ್ಷದ ಸೀರೆ ಅದು.

ಈಗ ದಿನಾ ಬೆಳಿಗ್ಗೆ ಎಂಟಕ್ಕೆ ರೊಟ್ಟಿಯ ಬುಟ್ಟಿ ಹೊರಟ ಮೇಲೆ ಶಟ್ಟೆವ್ವ ಒರಳುಕಲ್ಲಿನ ಮೇಲೆ ಹತ್ತಿ ಗೋಡೆಯ ಮೇಲಿಂದ ತಲೆ ಚಾಚುತ್ತಾಳೆ.

"ಅಕ್ಕಾ, ಗುಳಗಿ ನುಂಗಿದಿ?"

"ನುಂಗೀನಿ."

"ಬಾಯಿ ತೆರಿ, ನೋಡ್ತೇನಿ."

ತಾಯವ್ವ ಬಾಯಿ ತೆರೆದು ನಾಲಿಗೆ ಚಾಚುತ್ತಾಳೆ. ಅರ್ಧ ತಪಾಸಣೆಗೆ, ಅರ್ಧ ಅಣಕಿಸಲು.

ಮುಂದಿನ ತಿಂಗಳು ಬುರಾನಸಾಬ ಎರಡೂ ಪಾಕೀಟು ತಂದು, ಹೆಸರು ಬರೆಸಿಕೊಂಡು ಬಂದದ್ದನ್ನು ಎರಡು ಸಲ ಓದಿ, ಎರಡೂ ಶಟ್ಟೆವ್ವನ ಕೈಗೇ ಕೊಟ್ಟ. ಸೊಸೆಯ ಐದು ಗುಳಿಗೆ ಜಗಲಿಗೆ ಹೋದವು. ಇನ್ನೊಂದನ್ನು ಆಕೆ ಗೋಡೆಯ ಮೇಲೆ ಇಟ್ಟು ಕಣ್ಣು ಕಿರಿದು ಮಾಡಿ ನೋಡಿದಳು.

"ನಿಂದ ಮತ್ತ ದೊಡ್ಡದ ಐತಲ್ಲ ಅಕ್ಕಾ. ಇನ್ನೆಷ್ಟ ದಿನ ನುಂಗಬೇಕಂತ?"

"ಒಟ್ಟ ಐದ ವರ್ಷ ಅಂತಾರ."

"ನುಂಗು. ಒಂದ ದಿನ ತಪ್ಪಿಸಿದ್ರ ನೋಡ ಮತ್ತ. ಆ ತೊಟ್ಟಲದಾಗ ನನ್ನ ಮೊಮ್ಮಗ ಕಾಲ ಝಾಡಿಸಿ ಆಡೂದನ್ನ ನೀ ಈ ಗ್ವಾಡಿ ಮ್ಯಾಲಿಂದ ನೋಡಬೇಕು, ನೋಡಿ ಹೊಟ್ಟಿ ಉರಕೋಬೇಕು. ನೀನ ಇಲ್ಲಂದ್ರ, ನಾ ಮೊಮ್ಮಗನ್ನ ಪಡದ ಯಾರಿಗೆ ತೋರಸಲಿ?"

"ಬರಲಿ ತೊಗೊ. ಮೊದಲ ನನ್ನ ತೊಡಿ ಮ್ಯಾಲೆ ಮಲಗತೈತಿ ಅದು, ಎಣ್ಣಿ ಹಚ್ಚಿ ಎರಿಯಾಕಿ ನಾನ," ಎಂದು ತಾಯವ್ವ ಬೀಸಣಿಗೆ ಬೀಸಿಕೊಂಡಳು.

ಮರುದಿನ ಬುರಾನಸಾಬ ರೊಟ್ಟಿ ಎತ್ತಿ ಬಿಸಿಲಿಗೆ ಹಿಡಿದ. ಬೇವಿನ ಮರದ ಮೇಲೆ ಕುಳಿತ ಕಾಗೆ ಸ್ಪಷ್ಟವಾಗಿ ಕಂಡಿತು.